ಸಿರಿಲ್ ಟೀಕಲ್ ಹಳಿದ ಬೀರು

ಬೇರೆಯವರ ಮನೆಯ ಸಾಮಾನನ್ನು ಸಿರಿಲ್ ಟೀಕಲ್‌ನಷ್ಟು ಸೊಗಸಾಗಿ ಹಳಿಯಬಲ್ಲ ಗಂಡಸು ಇಡೀ ಗ್ಲಾಸ್ಟರ್‌ಶೈರಿನಲ್ಲಿ ಇನ್ನೊಬ್ಬನಿರಲಿಲ್ಲ. ನಮ್ಮ ವಿನ್‌ಸ್ಟೋಕ್ ಪೇಟೆಬೀದಿಯಲ್ಲಿ ಅವನದು ಹಳೆಯ ಮರದ ಸಾಮಾನಿನ ಅಂಗಡಿ. ಪಕ್ಕದಲ್ಲೇ ನನ್ನ ಕಬ್ಬಿಣದ ಸಾಮಾನಿನ ಅಂಗಡಿ. ಅವನಿಗೆ ವಾಹನ ಓಡಿಸಲು ಬರುತ್ತಿರಲಿಲ್ಲ, ನನ್ನ ಬಳಿ ವ್ಯಾನ್ ಇತ್ತು. ಹಾಗಾಗಿ ಅವನ ದಂಡಯಾತ್ರೆಗಳಿಗೆಲ್ಲ ನಾನೇ ಸಾರಥಿ.

ಹಿಂದಿನ ವೀರರ ಕೈಯಲ್ಲಿ ಖಡ್ಗ ಇರುತ್ತಿತ್ತು. ಸಿರಿಲ್‌ನದು ಬರೀ ನಿಟ್ಟುಸಿರು. ಅದರಲ್ಲಿ ಮೂರು ದರ್ಜೆ. ಬಾಗಿಲಲ್ಲಿ ನಿಂತು ಕುರ್ಚಿಯನ್ನೋ ಮೇಜನ್ನೋ ದೂರದಿಂದ ನೋಡಿ ಬಿಡುವುದು ಮೊದಲನೆಯದು. ಡ್ರಾಯರ್ ಎಳೆದು ಮೂಸಿ ಬಿಡುವುದು ಎರಡನೆಯದು. ಮಂಡಿಯೂರಿ, ಟಾರ್ಚ್ ಹಾಕಿ, ಅಡಿಭಾಗ ನೋಡಿ, ನಿಧಾನವಾಗಿ ಎದ್ದು, ಮಂಡಿಯ ಧೂಳು ಕೊಡವುತ್ತ ಬಿಡುವುದು ಮೂರನೆಯದು. ಈ ಮೂರನೆಯದಕ್ಕೆ ಎದುರು ನಿಂತ ಪಾದ್ರಿಯ ವಿಧವೆಯನ್ನು ನಾನು ಕಾಣೆ. ಕರ್ನಲ್‌ಗಳೇ ಕರಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಅವನ ವ್ಯಾಪಾರಕ್ಕೆ ಎರಡೇ ನಿಯಮ. ಬೇಕಾದ್ದನ್ನು ಹಳಿಯಬೇಕು. ಮೊದಲ ದಿನ ಎತ್ತಿಕೊಂಡು ಬರಬಾರದು, ಒಂದು ವಾರ ಹಣ್ಣಾಗಲು ಬಿಡಬೇಕು. ಆ ವಾರದಲ್ಲಿ ಮನೆಯವರು ಸಾಮಾನನ್ನು ಹೊಸ ಕಣ್ಣಿನಿಂದ ನೋಡಿ, ಅದರ ಒಂದೊಂದೇ ಕುಂದು ಎಣಿಸಿ, ಬುಧವಾರ ಸಿರಿಲ್ ಮರಳಿ ಬಂದರೆ ಸಾಕು ಎಂದು ಕಾಯುತ್ತಿದ್ದರು. ನಮ್ಮ ಕಡೆ ಈ ಕಸುಬಿನವರೆಲ್ಲ ಹೀಗೇ ಮಾಡುತ್ತಿದ್ದರು. ಸಿರಿಲ್ ಅವರ ಚಕ್ರವರ್ತಿ.

ಆದರೆ ಈ ಚಕ್ರವರ್ತಿ ಮೂವತ್ತು ವರ್ಷದಿಂದ ಒಂದು ಪುಸ್ತಕದ ಬೀರುವನ್ನು ಹುಡುಕುತ್ತಿದ್ದ. ಮಾರುವುದಕ್ಕಲ್ಲ.

ಅವನಪ್ಪ ಏಮಸ್ ಟೀಕಲ್, ಐದು ಮೈಲಿ ಆಚೆಯ ಹೇಜಲ್‌ಕೂಮ್ ಹಳ್ಳಿಯ ಬಡಗಿ. ಲಂಡನ್ನಿನಿಂದ ಹಾಲಮ್ ಫ್ರಿಯರ್ ಎಂಬ ದೊಡ್ಡ ಮನೆತನದ ಮನುಷ್ಯ ಬಂದು ಅಲ್ಲೊಂದು ಹುಲ್ಲಿನ ಕಣಜವನ್ನು ಬಾಡಿಗೆಗೆ ಹಿಡಿದು ಮರಗೆಲಸದ ಕಾರ್ಯಾಗಾರ ಮಾಡಿಕೊಂಡಿದ್ದ. ಯಂತ್ರಗಳು ಮನುಷ್ಯನನ್ನು ಹಾಳುಮಾಡಿದವು, ಇನ್ನು ಎಲ್ಲವನ್ನೂ ಕೈಯಿಂದಲೇ ಮಾಡಬೇಕು ಎಂಬುದು ಅವನ ವಾದ. ಹಾಗೆ ವಾದಿಸುವವರು ಆಗ ಬಹಳ ಮಂದಿ ಇದ್ದರು. ಅವರು ಮಾಡಿಸಿದ ಬೀರು, ಕಪಾಟುಗಳಿಗೆ ಇವತ್ತು ಹರಾಜುಗಳಲ್ಲಿ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಂಬ ಹೆಸರು, ಕೇಳಿದರೆ ಕಿವಿ ಮುಚ್ಚಿಕೊಳ್ಳುವಂಥ ಬೆಲೆ. ಫ್ರಿಯರ್ ಸಾಮಾನಿನ ನಕ್ಷೆ ಬರೆಯುತ್ತಿದ್ದ, ಏಮಸ್ ಕೊಯ್ದು ಕೆತ್ತಿ ಕೂಡಿಸುತ್ತಿದ್ದ. ಹೆಸರು ಮಾತ್ರ ಫ್ರಿಯರ್‌ನದು. ಮಾಡಿದವನು ಎಲ್ಲೂ ಸಹಿ ಹಾಕುವಂತಿಲ್ಲ. ತಾನು ಮಾಡಿದ್ದನ್ನು ತಾನೇ ಕೊಳ್ಳುವಷ್ಟು ಕೂಲಿಯೂ ಏಮಸ್‌ಗೆ ಬರುತ್ತಿರಲಿಲ್ಲ. ಅವನ ಸ್ವಂತ ಮನೆಯಲ್ಲಿ ಇದ್ದದ್ದು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಯಂತ್ರದಿಂದ ತಯಾರಾದ ಒಂದು ಅಗ್ಗದ ಕಪಾಟು.

ಮೊದಲ ಮಹಾಯುದ್ಧ ಮುಗಿದ ಮರುವರ್ಷ ಏಮಸ್ ಓಕ್ ಮರದ ದೊಡ್ಡ ಪುಸ್ತಕದ ಬೀರು ಮಾಡಿದ. ಅದರ ಅಂಚಿನುದ್ದಕ್ಕೂ ಉಳಿಯಿಂದ ಗೋಧಿಕಾಳಿನಷ್ಟು ಕಚ್ಚುಗಳನ್ನು ಹೊಡೆಯಬೇಕಿತ್ತು. ಆ ಕಣಜದ ಎಲ್ಲ ಸಾಮಾನಿನಲ್ಲೂ ಕಚ್ಚು ಬಲಕ್ಕೆ ವಾಲಿರುತ್ತಿತ್ತು. ಏಮಸ್ ಎಡಗೈಯವನು, ಇವನ ಕಚ್ಚು ಎಡಕ್ಕೆ ವಾಲಿತು. ಫ್ರಿಯರ್ ನೋಡಿ, "ಇರಲಿ ಬಿಡು, ಇದೊಂದು ನಿನ್ನದು" ಅಂದನಂತೆ. ಬೀರು ಕಂಬಳಿ ಹೊದ್ದು ಗಾಡಿ ಹತ್ತಿ ಎಲ್ಲಿಗೋ ಹೋಯಿತು. ಕಣಜ ಮುಚ್ಚಿತು. ಏಮಸ್ ಉಳಿದ ಆಯುಷ್ಯವನ್ನೆಲ್ಲ ಶವಪೆಟ್ಟಿಗೆ ಮಾಡುತ್ತ ಕಳೆದ. ಈ ಕಥೆಯನ್ನು ಸಿರಿಲ್ ನನಗೆ ವ್ಯಾನಿನಲ್ಲಿ ಕಡಿಮೆಯೆಂದರೆ ಇನ್ನೂರು ಸಲ ಹೇಳಿದ್ದಾನೆ. ಯಾರ ಮನೆ ಹೊಕ್ಕರೂ ಅವನ ಕಣ್ಣು ಮೊದಲು ಬೀರುಗಳ ಅಂಚಿಗೆ ಹೋಗುತ್ತಿತ್ತು.

ಎಪ್ಪತ್ಮೂರರ ಅಕ್ಟೋಬರಿನಲ್ಲಿ ಹೇಜಲ್‌ಕೂಮಿನಿಂದಲೇ ಕರೆ ಬಂತು. ಮಿಸ್ ಅರ್ಸುಲಾ ಕೆಂಬಲ್, ನಿವೃತ್ತ ಮುಖ್ಯೋಪಾಧ್ಯಾಯಿನಿ. ಡೆವನ್‌ನಲ್ಲಿ ಪಾದ್ರಿಯಾಗಿದ್ದ ಅವರಣ್ಣ ತೀರಿಕೊಂಡು, ಅವನ ಸಾಮಾನೆಲ್ಲ ಇವರ ಪುಟ್ಟ ಮನೆಗೆ ಬಂದು ತುಂಬಿಕೊಂಡಿತ್ತು. ನಾವು ಹೋದೆವು. ಕೂರುವ ಕೋಣೆಯಲ್ಲಿ, ಕಿಟಕಿಯ ಅರ್ಧ ಬೆಳಕು ನುಂಗಿ, ಅದು ನಿಂತಿತ್ತು.

ಸಿರಿಲ್ ಮೊದಲನೆಯ ನಿಟ್ಟುಸಿರನ್ನೂ ಎರಡನೆಯದನ್ನೂ ಮರೆತು ನೇರವಾಗಿ ಮಂಡಿಯೂರಿದ. ಹೆಬ್ಬೆರಳು ಅಂಚಿನ ಮೇಲಿಂದ ಕೆಳಗೆ ಹೋಯಿತು. ಎದ್ದಾಗ ಮುಖ ಸುಣ್ಣದಂತಿತ್ತು.

"ಯಾಕೆ ಮಿಸ್ಟರ್ ಟೀಕಲ್, ಹುಷಾರಿಲ್ವಾ?" ಅಂದರು ಮಿಸ್ ಕೆಂಬಲ್.

"ನಂಗೇನಿಲ್ಲ ಮೇಡಂ. ಈ ಬೀರು ನೋಡಿ ಸ್ವಲ್ಪ ಸಂಕಟ ಆಯ್ತು ಅಷ್ಟೇ."

"ಅಷ್ಟು ಕೆಟ್ಟದಾಗಿದೆಯಾ? ನಮ್ಮಣ್ಣ ಬಹಳ ಜೋಪಾನ ಮಾಡ್ತಿದ್ದ. ಚರ್ಚಿನ ಜನ ಸೇರಿ ಕೊಡಿಸಿದ್ದು."

"ಪಾಪ, ಪಾದ್ರಿಗಳು. ಯಾರೇನು ಕೊಟ್ರೂ ಬೇಡ ಅನ್ನೋ ಹಾಗಿಲ್ಲ. ಇಲ್ನೋಡಿ, ಕೀಲೆಲ್ಲ ಹೊರಗಡೆನೇ ಕಾಣ್ತಿದೆ. ಮುಚ್ಚೋಕೂ ಬರ್ದೇ ಇರೋ ಬಡಗಿ. ಈ ಅಂಚು ನೋಡಿ, ಇಲಿ ಕಡಿದ ಹಾಗಿದೆ. ಅದೂ ಎಲ್ಲ ಎಡಕ್ಕೆ ವಾಲ್ಕೊಂಡಿದೆ. ಕುಡಿದು ಕೆತ್ತಿದ್ದಾನೆ."

ಮೂವತ್ತು ವರ್ಷ ಹುಡುಕಿದ ಬೀರುವಿನ ಮುಂದೆ ನಿಂತು, ಬೆಲೆ ಇಳಿಯಲಿ ಎಂದು, ಹೆತ್ತ ತಂದೆಯನ್ನೇ ಕುಡುಕನನ್ನಾಗಿ ಮಾಡಿದ್ದ ಮಹಾನುಭಾವ. ನಾನು ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದು ಗೋಡೆ ನೋಡಿದೆ.

"ಹಾಗಾದ್ರೆ ಇದು ಯಾತಕ್ಕೂ ಬರಲ್ವಾ?"

"ಕೋಳಿ ಸಾಕೋರಿಗೆ ಗೂಡಿಗಾದ್ರೂ ಆದೀತು. ನೋಡೋಣ, ಮುಂದಿನ ಬುಧವಾರ ಈ ಕಡೆ ಬಂದ್ರೆ ಬರ್ತೀನಿ."

ಸಿರಿಲ್ ವ್ಯಾನ್ ಹತ್ತಿದ, ಊರು ದಾಟಿದೆವು. ಆಮೇಲೆ, "ಅದೇ ಕಣೋ," ಅಂದ. "ಅಪ್ಪಂದು."

"ಗೊತ್ತಾಯ್ತು. ಹಾಗಾದ್ರೆ ವ್ಯಾನ್ ತಿರುಗಿಸ್ತೀನಿ. ಈಗ್ಲೇ ಎತ್ಕೊಂಡು ಬರೋಣ."

"ಬೇಡ. ಮೊದಲ್ನೇ ದಿನ ಎತ್ತಿದ್ರೆ ನಮಗೆ ಬೇಕು ಅಂತ ಗೊತ್ತಾಗ್ಬಿಡುತ್ತೆ."

"ಗೊತ್ತಾಗ್ಲಿ ಬಿಡೋ. ನಿಂಗೆ ಬೇಕು ತಾನೆ?"

"ನಿಂಗೆ ಇದೆಲ್ಲ ತಿಳಿಯಲ್ಲ. ನೀನು ಮೊಳೆ ಮಾರೋನು."

ಆ ವಾರವೆಲ್ಲ ಸಿರಿಲ್ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಗೋಡೆಯ ಪಕ್ಕ ಜಾಗ ತೆರವು ಮಾಡಿದ. ಪಿಯಾನೋ ಅಡುಗೆಮನೆಗೆ ಹೋಯಿತು. ಅವನ ಹೆಂಡತಿ ಎನಿಡ್, "ಯಾರು ಬರ್ತಿದ್ದಾರೆ, ರಾಣಿನಾ?" ಎಂದು ಕೇಳಿ, ಪಿಯಾನೋವನ್ನೇ ಮೇಜು ಮಾಡಿಕೊಂಡು ಆಲೂಗಡ್ಡೆ ಸುಲಿಯಲು ಕೂತಳು.

ಬುಧವಾರ ಹೋದಾಗ ಮಿಸ್ ಕೆಂಬಲ್ ಅವರ ಕೋಣೆ ತುಂಬ ಬೆಳಕಿತ್ತು. ಬೀರು ಇರಲಿಲ್ಲ.

"ನಿಮ್ಮ ಮಾತು ಕೇಳಿ ನನಗೆ ನಾಚಿಕೆ ಆಗೋಯ್ತು ಮಿಸ್ಟರ್ ಟೀಕಲ್," ಅಂದರು ಆ ಸತ್ಯವಂತೆ. "ಅಂಥಾ ವಸ್ತುನ ದುಡ್ಡಿಗೆ ಮಾರೋದು ಮೋಸ ಅಲ್ವಾ? ಅದೂ ನೀವು ಅಷ್ಟು ನೇರವಾಗಿ ಹೇಳಿದ ಮೇಲೆ. ಊರಿನ ಹಾಲ್‌ಗೆ ಸುಮ್ನೆ ಕೊಟ್ಬಿಟ್ಟೆ. ಕಪ್ಪು ಸಾಸರ್ ಇಡೋಕಾಗುತ್ತೆ ಅಂದ್ರು."

ನಲವತ್ತು ವರ್ಷದ ವ್ಯಾಪಾರದಲ್ಲಿ ಸಿರಿಲ್‌ನನ್ನು ಯಾರೂ ಅಕ್ಷರಶಃ ನಂಬಿರಲಿಲ್ಲ. ನಂಬುವವರು ಒಬ್ಬರು ಸಿಕ್ಕಿದ್ದು ಈ ಬಡಪಾಯಿಯ ಗ್ರಹಚಾರ.

ಹಾಲ್‌ಗೆ ಓಡಿದೆವು. ಬೀರು ಮೂಲೆಯಲ್ಲಿತ್ತು. ಒಳಗೆ ಚಹಾದ ಕಪ್ಪುಗಳು, ಮೇಲೆ ಬ್ಯಾಡ್ಮಿಂಟನ್ ಬ್ಯಾಟುಗಳು. ಮೈತುಂಬ ಬಟಾಣಿ ಹಸಿರು ಎನಾಮೆಲ್ ಬಣ್ಣ, ಕಮಿಟಿಯವರು ದಪ್ಪಗೆ ಎರಡು ಸಲ ಬಳಿಸಿದ್ದು. ಕಚ್ಚುಗಳೆಲ್ಲ ಮುಚ್ಚಿಹೋಗಿದ್ದವು. ಬಣ್ಣದ ಡಬ್ಬ ಹೋದದ್ದು ನನ್ನ ಅಂಗಡಿಯಿಂದಲೇ. ಸಿರಿಲ್ ಬದುಕಿರುವವರೆಗೂ ಇದನ್ನು ನಾನು ಬಾಯಿಬಿಡಲಿಲ್ಲ.

ಶುಕ್ರವಾರ ಸಂಜೆ ಐದಕ್ಕೆ ಹಾಲ್ ಕಮಿಟಿ ಸೇರಿತು. ಹಸು ಸಾಕುವ ವಿಲ್ಫ್ ಫ್ಲಕ್ ಅಧ್ಯಕ್ಷ, ಅಂಚೆ ಕಚೇರಿಯ ಬೆರಿಲ್ ಹಾಪ್ಸನ್ ಖಜಾಂಚಿ, ಇನ್ನು ಮೂವರು ಸುಮ್ಮನೆ ಬಿಸ್ಕತ್ತು ತಿನ್ನುವವರು. ಸಿರಿಲ್ ಟೋಪಿ ಕೈಯಲ್ಲಿ ಹಿಡಿದು ನಿಂತ.

"ಏನಪ್ಪಾ ಸಿರಿಲ್, ಹುಟ್ಟಿದೂರು ನೆನಪಾಯ್ತಾ?" ಅಂದ ವಿಲ್ಫ್.

"ಏನಿಲ್ಲ ಕಣಯ್ಯಾ. ಆ ಮೂಲೇಲಿ ಹಸಿರು ಪೆಟ್ಟಿಗೆ ಒಂದಿದೆಯಲ್ಲ, ನಿಮಗೆ ಅಡ್ಡ ಆಗುತ್ತೇನೋ. ಹತ್ತು ಪೌಂಡ್ ಕೊಟ್ಟು ನಾನೇ ತಗೊಂಡು ಹೋಗ್ತೀನಿ."

ವಿಲ್ಫ್ ಪೈಪನ್ನು ಕೆಳಗಿಟ್ಟ. "ಬೆರಿಲ್, ನಿಮ್ಮಮ್ಮನ ಗಡಿಯಾರ ಸಿರಿಲ್‌ಗೆ ಎಷ್ಟಕ್ಕೆ ಕೊಟ್ಟೆ?"

"ನಾಲ್ಕು ಪೌಂಡು."

"ಆಮೇಲೆ ಅವನ ಕಿಟಕೀಲಿ ಎಷ್ಟು ಬರೆದಿದ್ದ?"

"ನಲವತ್ತು."

"ಹಾಗಾದ್ರೆ ಆ ಪೆಟ್ಟಿಗೆ ನೂರು ಪೌಂಡಿಂದು."

"ಮೂವತ್ತು ಕೊಡ್ತೀನಿ," ಅಂದ ಸಿರಿಲ್.

"ಮುನ್ನೂರು," ಅಂದಳು ಬೆರಿಲ್.

"ಐವತ್ತು ಕೊಡ್ತೀನಿ ಮಾರಾಯ್ತಿ. ಅದಕ್ಕಿಂತ ಏನು ಬೇಕು?"

"ಐನೂರಾಯ್ತು. ಇನ್ನೊಂದು ಸ್ವಲ್ಪ ಮೇಲೆ ಹೋಗು ಸಿರಿಲ್. ನಮ್ಮ ಹಾಲ್‌ಗೆ ಹೊಸ ಸೂರು ಬರುತ್ತೆ."

ಬಿಸ್ಕತ್ತಿನವರು ನಕ್ಕು ಕೆಮ್ಮಿದರು. ಸಿರಿಲ್‌ಗೆ ಅರ್ಥವಾಯಿತು. ಅವನು ಯಾವ ಬೆಲೆ ಹೇಳಿದರೂ ಈ ಜನ ಅದಕ್ಕೊಂದು ಸೊನ್ನೆ ಹಚ್ಚುತ್ತಾರೆ. ಚಕ್ರವರ್ತಿಯ ಅಸ್ತ್ರಗಳೆಲ್ಲ ಖಾಲಿ. ಅವನು ಮೂಲೆಗೆ ಹೋದ, ಹೆಬ್ಬೆರಳ ಉಗುರಿನಿಂದ ಅಂಚಿನ ಬಣ್ಣವನ್ನು ಕೆರೆಯತೊಡಗಿದ. ನಾಲ್ಕೈದು ಕಚ್ಚು ಕಾಣುವವರೆಗೆ ಕೆರೆದ.

"ಇದು ಎಡಕ್ಕೆ ವಾಲಿದೆ, ಕಾಣುತ್ತಾ?"

"ಕುಡಿದು ಕೆತ್ತಿದ್ದು ಅಂತ ಮಿಸ್ ಕೆಂಬಲ್‌ಗೆ ಹೇಳಿದ್ಯಂತೆ," ಅಂದಳು ಬೆರಿಲ್.

"ಹೇಳಿದ್ದೆ. ಸುಳ್ಳು. ಕೆತ್ತಿದ್ದು ನಮ್ಮಪ್ಪ. ಪ್ರಾರ್ಥನೆಗೆ ಚಾಪೆಲ್ ಹೊಕ್ಕೋನು, ಹೆಂಡದಂಗಡಿ ಬಾಗಿಲು ಹೊಕ್ಕೋನಲ್ಲ. ಎಡಗೈಯೋನು ಅಷ್ಟೇ." ಅವನು ಇನ್ನೂ ಬೀರುವಿನ ಕಡೆಗೇ ಮುಖ ಮಾಡಿದ್ದ. "ಇದನ್ನ ಮಾಡ್ತಿದ್ದಾಗ ನಂಗೆ ಎಂಟು ವರ್ಷ. ಊಟದ ಬುತ್ತಿ ಒಯ್ದು ಕೊಡ್ತಿದ್ದೆ. ಕಚ್ಚಿನೊಳಗೆ ಬೆರಳಿಟ್ಟು ನೋಡು ಅಂತಿದ್ದ. ನಮ್ಮನೇಲಿ ಅಪ್ಪ ಮಾಡಿದ್ದು ಅಂತ ಒಂದು ಗೂಟ ಕೂಡ ಇಲ್ಲ ವಿಲ್ಫ್. ನಿಜವಾದ ಬೆಲೆ ಬೇಕಾ? ಲಂಡನ್‌ನಲ್ಲಿ ನಾನೂರು ಬರುತ್ತೆ. ಈ ಹಾಳು ಬಣ್ಣ ತೆಗೆದ್ರೆ ಇನ್ನೂ ಜಾಸ್ತಿ. ನನ್ನ ಹತ್ರ ಅಷ್ಟಿಲ್ಲ. ಅಂಗಡೀಲಿರೋದು ಮಾರಿ ತರ್ತೀನಿ."

ವಿಲ್ಫ್ ಎದ್ದು ಬಂದು ಕಚ್ಚು ನೋಡಿದ. "ನಮ್ಮಪ್ಪನ ಶವಪೆಟ್ಟಿಗೆ ಏಮಸ್ಸೇ ಮಾಡಿದ್ದು," ಅಂದ.

"ನಮ್ಮಜ್ಜಿದೂ," ಅಂದಳು ಬೆರಿಲ್. "ಹಿಡಿಕೆಗೆ ಎಲೆ ಕೆತ್ತಿದ್ರು. ಯಾರೂ ಕೇಳಿರಲಿಲ್ಲ, ದುಡ್ಡೂ ತಗೊಳ್ಳಲಿಲ್ಲ."

"ನೋಡಿ ಮತ್ತೆ. ಅವರು ಮಾಡಿದ್ದೆಲ್ಲ ಚರ್ಚಿನ ಹಿಂದೆ ಮಣ್ಣಿನಡಿ ಇದೆ. ನಮ್ಮೂರಲ್ಲಿ ನೆಲದ ಮೇಲೆ ಉಳಿದಿರೋದು ಇದೊಂದೇ. ಇದನ್ನ ಮಾರೋಕಾಗಲ್ಲ ಸಿರಿಲ್," ಅಂದ ವಿಲ್ಫ್.

"ನಾನು ಮಾರಲ್ಲ ಕಣಯ್ಯಾ. ಮನೇಲಿಟ್ಕೋತೀನಿ ಅಂತಿದ್ದೀನಲ್ಲ."

"ಗೊತ್ತು. ನಿನ್ನ ಮಾತು ನಂಬಿದ್ದು ಜೀವಮಾನದಲ್ಲಿ ಇದೇ ಮೊದಲು. ನಂಬಿದ್ದಕ್ಕೇ ಕೊಡೋಕೆ ಮನಸ್ಸಾಗ್ತಿಲ್ಲ."

ಕೈ ಎತ್ತಿಸಿದರು. ಐದಕ್ಕೆ ಐದು. ಬೀರು ಹೇಜಲ್‌ಕೂಮಿನದು, ಹಾಲ್ ಬಿಟ್ಟು ಹೋಗಕೂಡದು. ಒಬ್ಬ ಬಿಸ್ಕತ್ತಿನವನು ಮೊದಲ ಸಲ ಬಾಯಿಬಿಟ್ಟು, ಹಾಗಾದರೆ ಅದರಲ್ಲಿ ಕಪ್ಪು ಸಾಸರ್ ಇಡುವುದು ಚೆನ್ನಾಗಿರುವುದಿಲ್ಲ, ಪುಸ್ತಕ ಇಡೋಣ ಅಂದ. ಕಪ್ಪುಗಳು ಎಲ್ಲಿಗೆ ಹೋಗಬೇಕು ಎಂದು ಅರ್ಧ ಗಂಟೆ ಯುದ್ಧವಾಯಿತು. ಕೊನೆಗೆ ಸಿರಿಲ್, "ನನ್ನ ಅಂಗಡೀಲಿ ಪೈನ್ ಮರದ ಕಪಾಟಿದೆ, ಅದನ್ನ ಕೊಡ್ತೀನಿ. ಬಣ್ಣ ಮಾತ್ರ ನಾನೇ ಕೆರೀಬೇಕು. ಬೇರೆ ಯಾರೂ ಮುಟ್ಟಬಾರ್ದು," ಅಂದ.

"ಆ ಕಪಾಟು ಹೇಗಿದೆ?" ಎಂದು ಕೇಳಿದಳು ಬೆರಿಲ್.

"ಬಹಳ ಚೆನ್ನಾಗಿದೆ," ಅಂದ ಸಿರಿಲ್, ಮತ್ತು ತನ್ನ ಬಾಯಿಂದ ಬಂದದ್ದನ್ನು ಕೇಳಿ ತಾನೇ ಬೆಚ್ಚಿದ.

ಆ ಚಳಿಗಾಲ ನಾನು ಅವನನ್ನು ವಾರಕ್ಕೆ ಮೂರು ದಿನ ಹೇಜಲ್‌ಕೂಮಿಗೆ ಬಿಟ್ಟುಬರುತ್ತಿದ್ದೆ. ಅಗಲವಾದ ಜಾಗಗಳಲ್ಲಿ ಕೆರೆಯಲು ಉಕ್ಕಿನ ಪಟ್ಟಿ, ಕಚ್ಚುಗಳಿಗೆ ಚೂಪು ಮಾಡಿದ ಬೆಂಕಿಕಡ್ಡಿ. ಒಂದೊಂದು ಕಚ್ಚಿಗೂ ಒಂದೊಂದು ಕಡ್ಡಿ ಬೇಕಾಗುತ್ತಿತ್ತು. ಎನಿಡ್ ಜೊತೆಗೆ ಬಂದು ಹೀಟರಿನ ಪಕ್ಕ ಕೂತು ಹೆಣೆಯುತ್ತಿದ್ದಳು. ಬ್ಯಾಡ್ಮಿಂಟನ್ ಆಡುವವರ ಹೊಡೆತಕ್ಕೆ ಶಟಲ್ ಕಾಕ್ ಬಂದು ಅವನ ತಲೆಗೆ ಬೀಳುತ್ತಿತ್ತು. ವಿಲ್ಫ್ ಬಂದು ನಿಂತು, "ನಮ್ಮ ಹಸು ಇದಕ್ಕಿಂತ ಬೇಗ ಮೇಯುತ್ತೆ," ಎನ್ನುತ್ತಿದ್ದ. ಬಂದವರೆಲ್ಲ ಕಚ್ಚಿನಲ್ಲಿ ಬೆರಳಿಟ್ಟು ನೋಡಿ ಹೋಗುತ್ತಿದ್ದರು.

ಆಮೇಲೆ ಸಿರಿಲ್‌ನ ವ್ಯಾಪಾರ ಮೊದಲಿನಂತೆ ನಡೆಯಲಿಲ್ಲ. ಯಾರದೋ ಮನೆಯಲ್ಲಿ ಮಂಡಿಯೂರಿ, ಎದ್ದು, ಉಸಿರೆಳೆದು, ಮೂರನೆಯ ದರ್ಜೆಯ ನಿಟ್ಟುಸಿರಿಗೆ ಸಿದ್ಧನಾಗಿ, "ಇದು ಒಳ್ಳೇದು ಮೇಡಂ, ಮಾರಬೇಡಿ" ಅಂದುಬಿಡುತ್ತಿದ್ದ. ನಾನು ಖಾಲಿ ವ್ಯಾನ್ ಓಡಿಸಿಕೊಂಡು ಬರುತ್ತಿದ್ದೆ. ಪೆಟ್ರೋಲ್ ದಂಡ. ಅವನ ಅಂಗಡಿಯಲ್ಲಿ ಈಗ ಯಾರೋ ವಾಸನೆಯ ಮೇಣದಬತ್ತಿ ಮಾರುತ್ತಾರೆ. ಆ ಖಾಲಿ ವ್ಯಾನಿನ ಸದ್ದು ಮಾತ್ರ ನನ್ನ ಕಿವಿಯಲ್ಲಿ ಇನ್ನೂ ಇದೆ.

ಆ ವರ್ಷದ ಮಾರ್ಚಿನಲ್ಲಿ ಬೀರುವಿಗೆ ಜೇನುಮೇಣ ಉಜ್ಜಿ ಮುಗಿಯಿತು. ಒಂದು ಗುರುವಾರ ಮಧ್ಯಾಹ್ನ ಊರಿನ ಪುಸ್ತಕಗಳನ್ನು ತಂದು ಜೋಡಿಸಿದರು. ಮಿಸ್ ಕೆಂಬಲ್ ಅವರಣ್ಣನ ಪ್ರವಚನಗಳು, ಬೆರಿಲ್‌ಳ ಕೊಲೆ ಕಾದಂಬರಿಗಳು, ವಿಲ್ಫ್‌ನ ಹಸುರೋಗದ ಪುಸ್ತಕ ಎಲ್ಲ ಒಟ್ಟಿಗೆ. ಮೊದಲ ಪುಸ್ತಕ ತೆಗೆದುಕೊಂಡವಳು ಬೆರಿಲ್, ತಾನೇ ಕೊಟ್ಟದ್ದನ್ನೇ. ಕೈಯಲ್ಲಿ ಚಹಾ ಇದ್ದುದರಿಂದ ಬಾಗಿಲನ್ನು ಸೊಂಟದಿಂದ ನೂಕಿದಳು.

"ಹಾಗಲ್ಲ," ಅಂದ ಸಿರಿಲ್. "ಕಪ್ಪು ಕೆಳಗಿಟ್ಟು ಕೈಯಲ್ಲಿ ಮುಚ್ಚು."

ಅವಳು ಗೊಣಗುತ್ತ ಕಪ್ಪು ಕೆಳಗಿಟ್ಟು, ಬಾಗಿಲನ್ನು ತೆರೆದು, ಮೆಲ್ಲಗೆ ಮುಚ್ಚಿದಳು. ಏಮಸ್ ಕೂರಿಸಿದ್ದ ಮರದ ಅಗಳಿ ತನ್ನ ಜಾಗಕ್ಕೆ ತಾನೇ ಬಿದ್ದು ಸಣ್ಣಗೆ ಸದ್ದು ಮಾಡಿತು.

"ಸರೀನಾ?" ಅಂದಳು.

"ಇನ್ನೊಂದು ಸಲ ಮುಚ್ಚು," ಅಂದ ಸಿರಿಲ್.