ಕೋಣದ ಕೊಂಬಿನ ಹಿಡಿ

ಆಗ ನನಗೆ ಐವತ್ತೆರಡು. ಈಗ್ಗೆ ಹದಿನೆಂಟು ವರ್ಷದ ಹಿಂದಿನ ಮಾತು. ಮೊನ್ನೆ ಸೊಸೆ ತಲೆ ಬಾಚಿ, ಉದುರಿದ ಕೂದಲನ್ನು ಬಚ್ಚಲೊಲೆಗೆ ಹಾಕಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ಆಚಾರ್ರು ನೆನಪಾದರು. ಕೋಣದ ಕೊಂಬು ಸುಟ್ಟರೂ ಅದೇ ವಾಸನೆ.

ಆಚಾರ್ರ ಕುಲುಮೆ ಇದ್ದದ್ದು ಬ್ರಹ್ಮಾವರದಲ್ಲಿ. ನಾನು ಮೀನು ಮಾರುತ್ತಿದ್ದದ್ದು ಸಾಸ್ತಾನದಲ್ಲಿ. ಆ ವರ್ಷ ತೊರಕೆ ಮೀನಿನ ಬಾಲದ ಮುಳ್ಳು ನನ್ನ ಬಲಗೈಗೆ ಹೊಕ್ಕಿತು. ಕೈ ಕೀವಾಯಿತು, ಡಾಕ್ಟರು ಕೊಯ್ದರು. ಕಡೆಯ ಮೂರು ಬೆರಳು ಮಡಚಲು ಬರಲಿಲ್ಲ. ಬಂಗುಡೆ, ಭೂತಾಯಿಯಂಥ ಸಣ್ಣ ಮೀನಾದರೆ ಮೆಟ್ಟುಗತ್ತಿಯಲ್ಲಿ ಹೇಗೋ ನಡೆಯುತ್ತದೆ. ಅಂಜಲ್‌ನಂಥ ದೊಡ್ಡ ಮೀನಿಗೆ ಕೈಗತ್ತಿಯೇ ಬೇಕು, ದಿಮ್ಮಿಯ ಮೇಲಿಟ್ಟು ಒಂದೇ ಏಟು. ಮಾರ್ಕೆಟ್ಟಿನ ಎದುರು ಸಾಲಿನಲ್ಲಿ ಕೂರುವವಳು ಅಂಜಲ್ ತುಂಡು ಮಾಡಿಕೊಡಬೇಕು, ಆಗದವಳು ಜಾಗ ಬಿಡಬೇಕು. ನಾವು ಹೆಂಗಸರೇ ಮಾಡಿಕೊಂಡ ಕಟ್ಟಳೆ ಅದು. ಹಿಂದೆ ಒಬ್ಬಳನ್ನು ನಾನೇ ಎಬ್ಬಿಸಿದ್ದೆ.

ಬಾವು ಇಳಿಯುವ ಮೊದಲೇ ಕುಲುಮೆಗೆ ಓಡಿದೆ.

“ಎಂತ ಮಾರಾಯ್ತಿ, ಕೈ ಹಲಸಿನ್ ಹಣ್ಣ್ ಆಯ್ತಲ?” ಎಂದರು ಆಚಾರ್ರು.

“ನಗಾಡ್ಬೇಡಿ ಆಚಾರ್ರೆ. ಈ ಕೈಯಂಗ್ ಹಿಡುಕಾಪ ಕತ್ತಿ ಒಂದ್ ಮಾಡಿ ಕೊಡಿ.”

ನನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಕಾಂಬ. ನಿನ್ ಕೈ ಅಳ್ತೆಗೇ ಹಿಡಿ ಮಾಡುವ.”

ಅಲ್ಲಿಯವರೆಗೆ ಅವರ ಕತ್ತಿಗೆಲ್ಲ ಮರದ ಹಿಡಿ. ಕತ್ತಿಯ ಬಾಲವನ್ನು ಕೆಂಪಗೆ ಕಾಯಿಸಿ ಅರಗು ಹಾಕಿ ಮರಕ್ಕೆ ತೂರಿಸುವುದು, ಬಾಯಿಗೊಂದು ಕಬ್ಬಿಣದ ಬಳೆ, ಮುಗಿಯಿತು. ಈ ಸಲ ಆವೆಮಣ್ಣಿನ ಉಂಡೆ ಕೊಟ್ಟು ಹಿಂಡು ಎಂದರು. ನನ್ನ ಹಿಡಿತದ ಅಚ್ಚು ಬಿತ್ತು. ಮೀನಿನ ಲೋಳೆಗೆ ಮರ ಜಾರುತ್ತದೆಂದು ಕೋಣದ ಕೊಂಬು ತಂದರು, ಬೇಯಿಸಿ, ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ ಅಚ್ಚಿನ ಹಾಗೆ ತಿದ್ದಿದರು. ಬಳೆಯ ಬದಲಿಗೆ, ಬೋಟಿನ ಮುರಿದ ಹಿತ್ತಾಳೆ ಪಂಖ ಕರಗಿಸಿ ಅಲಗಿನ ಬುಡಕ್ಕೆ ಹೊಯ್ದು, ಬೆರಳು ಮುಂದೆ ಜಾರದಂತೆ ಒಂದು ತುಟಿ ಮಾಡಿದರು.

“ಇವ್ರಿಗ್ ಮರ್ಲ್,” ಎಂದರು ಅವರ ಹೆಂಡತಿ. “ಊರ್ ಕತ್ತಿಯೆಲ್ಲ ಮೂಲ್ಯಂಗ್ ಬಿದ್ಕಂಡಿತ್. ಇವ್ರ್ ಕೊಂಬ್ ಬೇಯ್ಸ್ತಾ ಕೂಕಂಡಿರ್.”

ಕತ್ತಿ ನೋಡಲು ಚೆಂದ ಇತ್ತು. ಮಾರ್ಕೆಟ್ಟಿನಲ್ಲಿ ಅಂಜಲ್‌ನ ಬೆನ್ನುಮೂಳೆಗೆ ಏಟು ಹಾಕಿದೆ. ಅಲಗು ಬಗ್ಗಿತು.

“ಆಚಾರ್ರೆ, ಇದ್ರಂಗ್ ದೋಸೆ ಮಗುಚುಕಾತ್ತ್, ಮೀನ್ ಕೊಯ್ಯುಕಾತಿಲ್ಲೆ,” ಎಂದೆ.

ಅವರು ನಗಲಿಲ್ಲ. “ಹೊಯ್ದದ್ರ ಕಾವ್ ಅಲಗಿಗ್ ಇಳ್ದಿತ್. ಹದ ಹೋಯ್ತ್. ಥೋ…”

ಎರಡನೆಯದಕ್ಕೆ ಅಲಗನ್ನು ಹಸಿ ಬಾಳೆದಿಂಡಿಗೆ ಚುಚ್ಚಿ ನಿಲ್ಲಿಸಿ, ಬುಡ ಮಾತ್ರ ಹೊರಗೆ ಬಿಟ್ಟು ಹೊಯ್ದರು. ಹದ ಉಳಿಯಿತು. ಆದರೆ ಅಷ್ಟರಲ್ಲಿ ನನ್ನ ಬಾವು ಇಳಿದಿತ್ತು. ಊದಿದ ಕೈಯ ಅಚ್ಚಿಗೆ ಮಾಡಿದ ಹಿಡಿ ಈ ಒಣಕಲು ಕೈಯಲ್ಲಿ ಗರಗರ ತಿರುಗಿತು. ಅದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಇಬ್ಬರೂ ಪೆಚ್ಚಾಗಿ ಕೂತೆವು. ಅಷ್ಟರಲ್ಲಿ ಮಾರ್ಕೆಟ್ಟಿನಲ್ಲಿ ಪಕ್ಕದವಳು ಎರಡು ವಾರದಿಂದ ನನ್ನ ಅಂಜಲ್ ತುಂಡು ಮಾಡಿಕೊಟ್ಟು ಬೇಸತ್ತಿದ್ದಳು. “ಅಕ್ಕ, ಇನ್ನೆಷ್ಟ್ ದಿನ?” ಎಂದು ಕೇಳಿಯೇ ಬಿಟ್ಟಳು. ಕೇಳುವುದು ನ್ಯಾಯವೇ.

ಮೂರನೆಯದಕ್ಕೆ ಹೊಸ ಅಚ್ಚು. ಅಲಗು ಆಯಿತು, ತುಟಿ ಆಯಿತು, ಹಿಡಿಗೆ ಕೊಂಬಿನ ಎರಡು ಹೋಳೂ ಆದವು. ಹೋಳುಗಳನ್ನು ನನ್ನ ಅಂಗೈಯಲ್ಲಿಟ್ಟು ಮುಚ್ಚಿಸಿದರು. ಸತ್ತ ಮೂರು ಬೆರಳಿಗೂ ಒಂದೊಂದು ಗುಳಿ ಮಾಡಿದ್ದರು. ಬೆರಳು ಅಲ್ಲಿ ಹೋಗಿ ಕೂತವು. “ಕೂರ್ಸಿ ಮೊಳೆ ಹೊಡುದ್ ಒಂದೇ ಬಾಕಿ. ಶನಿವಾರ ಬಾ,” ಎಂದರು.

ಶನಿವಾರ ಹೋದರೆ ಕುಲುಮೆ ತಣ್ಣಗಿತ್ತು. ಆಚಾರ್ರು ಜಗಲಿಯಲ್ಲಿ ಚಾಪೆಯ ಮೇಲಿದ್ದರು. ಪಾರ್ಶ್ವವಾಯು. ಬಲಗಡೆ ಪೂರ್ತಿ ಹೋಗಿತ್ತು, ಬಾಯಿ ಸೊಟ್ಟಗಾಗಿತ್ತು. ಹೆಂಡತಿ ಅಲಗನ್ನೂ ಹೋಳುಗಳನ್ನೂ ತಂದು ನನ್ನ ಮಡಿಲಿಗೆ ಹಾಕಿದರು. “ನಿನ್ ಹೆಸ್ರೆತ್ತಿರ್ ಸಾಕ್, ಇದ್ನೇ ತೋರ್ಸ್ತ್ರ್,” ಎಂದರು.

ಆಚಾರ್ರು ಎಡಗೈ ಎತ್ತಿ ಏನೋ ತೋರಿಸಿದರು. ಎರಡು ಬೆರಳು ಕೂಡಿಸಿದರು, ತಿರುಗಿಸಿದರು, ಒತ್ತಿದರು.

“ಅರಗ್ ಹಾಕುದಾ?” ಎಂದೆ. ತಲೆಯಾಡಿಸಿದರು, ಅಲ್ಲ. “ಕಾಯ್ಸುದಾ?” ಅಲ್ಲ. “ಈ ಹೋಳ್ ಮೊದ್ಲಾ?” ಅದೂ ಅಲ್ಲ. ಮತ್ತೆ ಬೆರಳು ಕೂಡಿಸಿದರು, ತಿರುಗಿಸಿದರು. ಗಂಟಲಲ್ಲಿ ಏನೋ ಸದ್ದು ಮಾಡಿದರು. ನನಗೆ ತಿಳಿಯಲಿಲ್ಲ. ಅವರಿಗೆ ಸಿಟ್ಟು ಬಂತು, ಚಾಪೆಗೆ ಗುದ್ದಿದರು. ಜೊಲ್ಲು ಇಳಿಯಿತು, ನನ್ನ ಸೆರಗಿನಲ್ಲಿ ಒರೆಸಿದೆ. ಕೊನೆಗೆ “ಗೊತ್ತಾಯ್ತ್ ಆಚಾರ್ರೆ,” ಎಂದು ಸುಳ್ಳು ಹೇಳಿದೆ. ನನ್ನ ಮುಖ ನೋಡಿ, ಗೋಡೆಯ ಕಡೆ ತಿರುಗಿದರು…

ಹತ್ತು ದಿನಕ್ಕೆ ಹೋದರು. ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಹಾಗೆ ಹಿಡಿ ಕೂರಿಸುವವರು ಆಮೇಲೆ ಯಾರೂ ಸಿಗಲಿಲ್ಲ. ಅವರು ಏನು ಹೇಳಲು ಹೊರಟಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಂತಹ ಕೆಲಸದವರು ಹೋದರು, ಅಷ್ಟೇ.

ಆ ಶನಿವಾರದ ಮರುದಿನ ಬೆಳಿಗ್ಗೆ ಎರಡು ಹೋಳನ್ನೂ ಅಲಗಿನ ಬಾಲಕ್ಕೆ ಇಟ್ಟು, ಬಲೆಯ ಹುರಿಯಲ್ಲಿ ಬಿಗಿದು ಕಟ್ಟಿ ಮಾರ್ಕೆಟ್ಟಿಗೆ ಹೋದೆ. ಮೊದಲ ಅಂಜಲ್‌ಗೆ ಏಟು ಹಾಕಿದೆ. ಹೋಳು ಜಾರಿತು, ಕತ್ತಿ ಅಡ್ಡ ಬಿತ್ತು, ಮೀನು ಹರಿದುಹೋಯಿತು. ಪಕ್ಕದವಳು ನೋಡಿದಳು. ದಿಮ್ಮಿಯನ್ನು ಅವಳ ಕಡೆಗೆ ತಳ್ಳಿ, ಬುಟ್ಟಿ ಎತ್ತಿಕೊಂಡು, ಹಿಂದಿನ ಒಣಮೀನಿನ ಸಾಲಿಗೆ ಹೋಗಿ ಕೂತೆ.