ಎಲೆಯಡಿಕೆ ಬೇಡವೆಂದವಳು

ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಬರೆದಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿ ದುಡಿದವಳು ನಾನು. ಸಾಲುಸಾಲು ಹೊಲಿಗೆ ಮೆಷಿನ್ನುಗಳ ಸದ್ದನ್ನೂ ಮೀರಿ ನನ್ನ ಕೂಗು ಕೇಳುತ್ತಿತ್ತು. ಇಂಥವಳನ್ನು ಹಿಡಿದು, ಊರಿನ ಎಳೆಯರನ್ನು ಮುಂದಾಳುಗಳಾಗಿ ಬೆಳೆಸುವ ಕಾರ್ಯಕ್ರಮವೊಂದಕ್ಕೆ ಸೇರಿಸಿದರು. ಭಾನುವಾರ ಒಂದು ಕಾಲೇಜಿನಲ್ಲಿ ಸೇರುತ್ತಿದ್ದೆವು. ಡಾಕ್ಟರು, ವಕೀಲರು, ನನ್ನಂಥ ಕಂಪನಿಯವರು, ಒಬ್ಬೊಬ್ಬರಿಗೆ ಒಬ್ಬೊಬ್ಬ ಶಿಷ್ಯರು. ಆ ಶಿಷ್ಯರು ತಮ್ಮ ಬೀದಿಗೆ ಬೇಕಾದ ಒಂದು ಕೆಲಸವನ್ನು ತಾವೇ ಮಾಡಿಸಿಕೊಳ್ಳಬೇಕು. ನಾವು ಕಲಿಸಬಹುದು, ಜೊತೆಗೆ ಹೋಗಬಹುದು. ಆದರೆ ಅವರ ಪರವಾಗಿ ಬಾಯಿ ಬಿಡಬಾರದು! ಇದನ್ನು ಕೇಳಿ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀನಾ? ಬಾಯಿ ಮುಚ್ಕೊಂಡಾ? ದೇವರೇ ಬಂದ್ರೂ ಆಗಲ್ಲ ಬಿಡು."

ನನ್ನ ಪಾಲಿಗೆ ಬಂದವಳು ಪಕ್ಕದ ಅವಿನಾಶಿ ಊರಿನ ಕಡೆಯ ಪವರ್‌ಲೂಮ್ ಬೀದಿಯ ಸೊಸೆ. ಮೊದಲ ದಿನ ಇಬ್ಬರೂ ಶಿಸ್ತಾಗಿ ತಮಿಳಿನಲ್ಲೇ ಮಾತಾಡಿದೆವು. ನಡುವೆ ಫೋನು ಬಂದು, ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಕೇಳಿದ ಗಂಡನಿಗೆ ನಾನು ಕನ್ನಡದಲ್ಲಿ ಗದರಿದೆ. ಅವಳ ಕಣ್ಣು ಅರಳಿತು.

"ಅಕ್ಕಾ, ನೀವು ನಮ್ ಮಾತಾ?"

ಅಲ್ಲಿಂದ ಮುಂದೆ ನಾವು ತಮಿಳು ಮುಟ್ಟಿದ್ದು ಕಡಿಮೆ.

ಅವಳಿಗೆ ಬೇಕಾಗಿದ್ದು ಒಂದು ಕೋಣೆ. ಅವಳು ದುಡಿಯುವ ಕಂಪನಿಯಲ್ಲಿ ಜೂನ್‌ನಿಂದ ಅವಳಿಗೆ ಸೂಪರ್‌ವೈಸರ್ ಕೆಲಸ ಕೊಡುವುದಾಗಿ ಹೇಳಿದ್ದರು. ಟೈಲರಾಗಿ ಸೇರಿ ಅಲ್ಲಿಯವರೆಗೆ ಬಂದಿದ್ದಳು. ಆದರೆ ಮನೆಯಲ್ಲಿ ಎರಡು ವರ್ಷದ ಮಗಳು. ಇಷ್ಟು ದಿನ ನೋಡಿಕೊಂಡ ಅತ್ತೆಗೆ ಮೊಣಕಾಲು ಕೈಕೊಟ್ಟಿತ್ತು. ಮಗುವೋ ಪಾದರಸ. ಮಗುವನ್ನು ಬಿಡಲು ಜಾಗ ಸಿಗದಿದ್ದರೆ ಸೂಪರ್‌ವೈಸರ್ ಕೆಲಸವಿರಲಿ, ಇರುವ ಕೆಲಸವನ್ನೂ ಬಿಡಬೇಕು. ಬೀದಿಯಲ್ಲಿ ಇನ್ನೂ ಹಲವು ತಾಯಂದಿರದು ಇದೇ ಕಥೆ. ಮನೆಮಾತು ಕನ್ನಡವಾದ ಅಲ್ಲಿನ ನೇಕಾರ ಕುಲದವರ ಸಮುದಾಯದ ಹಾಲ್ ಹಿಂದೆ ಗಾಳಿ ಬೆಳಕಿರುವ ದೊಡ್ಡ ಕೋಣೆಯೊಂದು ವರ್ಷವೆಲ್ಲ ಬೀಗ ಹಾಕಿಕೊಂಡು ಬಿದ್ದಿತ್ತು. ಹಗಲು ಹೊತ್ತು ಅದನ್ನು ಕೊಟ್ಟರೆ ಮಕ್ಕಳನ್ನು ನೋಡಿಕೊಳ್ಳಲು ಬೀದಿಯದೇ ಒಬ್ಬ ಹೆಂಗಸು ಒಪ್ಪಿದ್ದಳು. ಬೇಕಾದದ್ದು ಕುಲದ ಯಜಮಾನರ ಒಪ್ಪಿಗೆ. ಹಾಲ್‌ನ ಹಿರಿತನ ಅವರದು, ಬೀಗದ ಕೈ ಅವರ ಸೊಂಟದಲ್ಲಿ.

ನಾನು ಅವಳಿಗೆ ಮಾತು ಕಲಿಸಿದೆ. ನೆಟ್ಟಗೆ ನಿಲ್ಲು, ನಗುತ್ತಾ ಹೇಳು, ಚಿಕ್ಕದಾಗಿ ಮುಗಿಸು. ಅವರು ಏನೇ ಹೇಳಲಿ, ವಂದನೆ ಹೇಳಿ ಕೂತುಕೋ, ಎದುರು ಮಾತು ಬೇಡ. ಅವಳು ಅಡುಗೆ ಮಾಡುತ್ತಾ, ಮಗುವಿಗೆ ಉಣಿಸುತ್ತಾ ಗಿಣಿಯಂತೆ ಕಲಿತಳು.

ಅಮಾವಾಸ್ಯೆಯ ದಿನ ಮಗ್ಗಗಳಿಗೆ ರಜೆ, ಹಾಲ್‌ನಲ್ಲಿ ಕೂಟ. ಮನೆಯ ಪರವಾಗಿ ಒಬ್ಬರು ಬರಬೇಕು, ಉಳಿದವರು ಕೂತು ನೋಡಬಹುದು. ಅವಳ ಗಂಡ ಬಟ್ಟೆಯ ಲೋಡಿನ ಜೊತೆ ಈರೋಡಿಗೆ ಹೋಗಿದ್ದರಿಂದ ಆ ಮನೆಯ ಲೆಕ್ಕಕ್ಕೆ ಅವಳೇ ಬಂದಿದ್ದಳು. ಅತ್ತೆ ಕಾಲು ಚಾಚಿಕೊಂಡು ಹೆಂಗಸರ ಕಡೆ ಗೋಡೆಗೊರಗಿದ್ದರು. ಅವಳ ಮನೆಯ ಅತಿಥಿಯೆಂದು ನನಗೂ ಜಾಗ ಕೊಟ್ಟರು. ಹುಡುಗಿ ಎಷ್ಟು ಚೆಂದ ಮಾತಾಡಿದಳೆಂದರೆ ನನಗೇ ಎದ್ದು ಚಪ್ಪಾಳೆ ಹೊಡೆಯಬೇಕೆನಿಸಿತು.

ಯಜಮಾನರು ಮೀಸೆ ತಿರುವಿ ತಲೆಯಾಡಿಸಿದರು. "ಒಳ್ಳೆ ಮಾತು ಅಮ್ಮಣೀ. ಆಡಿ ಮಾಸ ಮುಗೀಲಿ. ಪಾಕಲಾಂ."

ಪಾಕಲಾಂ, ಅಂದರೆ ನೋಡೋಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೊಸದಕ್ಕೆ ಕೈ ಹಾಕದ ಆ ಆಡಿ ತಿಂಗಳು ಮುಗಿಯುವುದು ಆಗಸ್ಟಿನಲ್ಲಿ, ಅಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಗಿರುತ್ತದೆ. ನನ್ನ ನಾಲಿಗೆ ತುರಿಸಿತು. ಅವಳು ಮಾತ್ರ ಕಲಿಸಿದಂತೆಯೇ ವಂದನೆ ಹೇಳಿ ಬಂದು ನನ್ನ ಪಕ್ಕ ಕೂತಳು.

ಕೂಟ ಮುಗಿಸುವ ಪದ್ಧತಿಯೊಂದು ಅಲ್ಲಿತ್ತು. ಎಲೆಯಡಿಕೆ ತಟ್ಟೆ ಸುತ್ತು ಬರುತ್ತದೆ. ಪ್ರತಿ ಮನೆಯವರೂ ಒಂದೊಂದು ಎಲೆ ತೆಗೆದುಕೊಂಡರೆ, ಅಂದಿನ ತೀರ್ಮಾನಕ್ಕೆ ಆ ಮನೆ ಒಪ್ಪಿತೆಂದು ಅರ್ಥ. ತಟ್ಟೆ ಪೂರ್ತಿ ಸುತ್ತುವ ತನಕ ಯಾರೂ ಏಳುವಂತಿಲ್ಲ, ಊಟಕ್ಕೆ ಬಾಳೆಲೆ ಹಾಕುವಂತಿಲ್ಲ. ಇದು ನನಗೇನು ಗೊತ್ತು? ತಟ್ಟೆ ಎದುರಿಗೆ ಬಂದಿತು. ಮದುವೆ ಮನೆಯ ಅಭ್ಯಾಸ, ಕೈ ತಾನಾಗಿ ಮುಂದೆ ಹೋಯಿತು. ಅವಳು ನನ್ನ ತೊಡೆ ಚಿವುಟಿದಳು ನೋಡಿ, ಅಮ್ಮಮ್ಮಾ! ಅವಳ ಅತಿಥಿ ಎಲೆ ಎತ್ತಿದರೆ ಅವಳ ಮನೆಯೇ ಎತ್ತಿದಂತೆ. ನಾನು ಕೈ ಹಿಂದಕ್ಕೆಳೆದುಕೊಂಡೆ.

"ತಾತಾ, ನಾ ಎಲೆ ತಗಳಲ್ಲ" ಎಂದಳು ಯಜಮಾನರಿಗೆ.

ಹಾಲ್ ತುಂಬ ಗುಸುಗುಸು. ಯಜಮಾನರು ಕಣ್ಣು ಕಿರಿದು ಮಾಡಿದರು. "ಯಾಕಮ್ಮಣೀ?"

"ತಗಂಡ್ರೆ ಒಪ್ಕಂಡಂಗಲ್ವಾ? ಇಲ್ಲ ಅನ್ನೋದಾದ್ರೆ ಇಲ್ಲ ಅನ್ನಿ. ಯಾಕೆ ಅಂತ್ಲೂ ಹೇಳಿ. ಎಲೆ ತಗಂಡು ಎದ್ ಹೋಗ್ತೀನಿ. ಪಾಕಲಾಂ ಅನ್ನೋದಕ್ಕೆ ಮಾತ್ರ ಕೈ ನೀಡಲ್ಲ."

"ಗಂಡ ಬರ್ಲಿ, ಅವನ ಹತ್ರ ಮಾತಾಡಣ" ಎಂದರು ಹಿಂದಿನಿಂದ ಯಾರೋ.

ಗೋಡೆಗೊರಗಿದ್ದ ಅತ್ತೆ ಕಾಲು ಮಡಚದೆಯೇ ಗುಡುಗಿದರು. "ನಮ್ ಮನೆಗೆ ಅವ್ಳೇ ಬಂದಿರೋದು. ಅವ್ಳು ತಗಂಡ್ರೇ ತಗಂಡಂಗೆ!"

ಇಂಥ ಅತ್ತೆ ಎಲ್ಲರಿಗೂ ಸಿಗಲಿ ಎಂದು ನಾನು ಅಲ್ಲೇ ಕೈಮುಗಿದೆ.

ತಟ್ಟೆ ಅವಳ ಮುಂದೆಯೇ ನಿಂತಿತು. ಅಡುಗೆಮನೆಯಿಂದ ವಡೆಯ ವಾಸನೆ, ಹಿಂದೆಯೇ ಹುರುಳಿ ರಸದ ಒಗ್ಗರಣೆ. ಹಿರಿಯರೆಲ್ಲ ಬೆಳಗಿನಿಂದ ಬರೀ ಕಾಫಿಯಲ್ಲಿದ್ದವರು. ಒಬ್ಬರು ಕೆಮ್ಮಿದರು, ಒಬ್ಬರು ಗಡಿಯಾರ ನೋಡಿದರು. ಅಡುಗೆಯವನು ಇಣುಕಿ, "ವಡೆ ಆರೋಗ್ತದೆ" ಎಂದು ಗೊಣಗಿದ. ನನ್ನ ಹೊಟ್ಟೆಯೂ ತಾಳ ಹಾಕುತ್ತಿತ್ತು. ಬಾಯಿ ಬಿಗಿಹಿಡಿದು ಕೂತಷ್ಟು ಕಷ್ಟವನ್ನು ನಾನು ಯಾವ ಶಿಪ್‌ಮೆಂಟಿನಲ್ಲೂ ಪಟ್ಟಿಲ್ಲ. ಹುಡುಗಿ ಸೆರಗು ಬಿಗಿಮಾಡಿಕೊಂಡು ತಟ್ಟೆಯನ್ನೇ ನೋಡುತ್ತಾ ಕೂತಳು.

ಕೊನೆಗೆ ಯಜಮಾನರೇ ಬಾಯಿ ಬಿಟ್ಟರು.

"ಮಕ್ಳು ಬರ್ಬಾರ್ದು ಅಂತಲ್ಲ ಅಮ್ಮಣೀ. ಒಳಗೆ ಪಾತ್ರೆ ಐತಲ್ಲ! ನಮ್ಮಪ್ಪ ಈ ಹಾಲ್‌ಗೆ ಕೊಟ್ಟ ಹಂಡೆ ಐತೆ. ಮಕ್ಳು ಬಡಿದು ಸೊಟ್ಟ ಮಾಡುದ್ರೆ?"

ಅಯ್ಯೋ, ಅಷ್ಟಕ್ಕೇ ಹಾಲ್ ಎದ್ದು ಕೂತಿತು. ನಮ್ಮ ತಾತನ ಕೊಳಗ ಐತೆ, ನಮ್ಮಜ್ಜಿ ಹೆಸರಿನ ಪರಾತ ಐತೆ. ಮದುವೆ ಅಡುಗೆಗೆಂದು ಪ್ರತಿ ಮನೆಯವರೂ ಒಂದು ಕಾಲದಲ್ಲಿ ಹೆಸರು ಕೆತ್ತಿಸಿ ಕೊಟ್ಟ ಹಿತ್ತಾಳೆ ಪಾತ್ರೆಗಳು ಅಲ್ಲಿದ್ದವು. ಇವರಿಗೆಲ್ಲ ಇದ್ದದ್ದು ಈ ಭಯ, ಹೇಳಿಕೊಳ್ಳಲು ನಾಚಿಕೆ.

"ಇಷ್ಟೇನಾ ತಾತಾ!" ಹುಡುಗಿ ನಕ್ಕೇಬಿಟ್ಟಳು. "ಯಾರ ತಾತನ ಪಾತ್ರೆ ಅವ್ರ ಮನೇಲಿರ್ಲಿ. ಮದ್ವೆ ಬಂದ್ರೆ ತಂದ್ ಕೊಡಿ."

"ಕೊಟ್ಟ ವಸ್ತು ವಾಪಸ್ ತಗಬಾರ್ದಮ್ಮಣೀ, ಪಾಪ."

"ವಾಪಸ್ ಎಲ್ಲಿ ತಾತಾ? ಈ ಹಾಲ್‌ನ ಪಾತ್ರೇನೇ, ನೀವು ಮನೇಲಿಟ್ಟು ಕಾಪಾಡ್ತೀರ. ಬೀಗ ಹಾಕಿ ಕಿಲುಬು ಹಿಡಿಸೋದ್ಕಿಂತ ಪುಣ್ಯ ಅಲ್ವಾ?"

ಇದು ನಾನು ಕಲಿಸಿದ ಮಾತಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಯಜಮಾನರು ಸುತ್ತಲೂ ನೋಡಿದರು. ಎಲ್ಲ ತಲೆಗಳೂ ಆಡುತ್ತಿದ್ದವು. ಅವರೇ ಎದ್ದು ಬಂದು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, "ಜೂನಿಗೇ ಆಗ್ಲಿ, ತಗ" ಎಂದರು. ಅವಳು ಎಲೆ ಎತ್ತಿಕೊಂಡು ಅವರ ಕಾಲಿಗೆ ಬಿದ್ದಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಊಟಕ್ಕೆ ಅವಸರಪಡುತ್ತಿದ್ದವರೆಲ್ಲ ಈಗ ಪಾತ್ರೆ ನೋಡಲು ನುಗ್ಗಿದರು. ಹೊಸ ಪಾತ್ರೆಗಳ ಮೇಲೆ ತಮಿಳು ಅಕ್ಷರ, ತೀರ ಹಳೆಯವುಗಳ ಮೇಲೆ ಕನ್ನಡ. ಮನೆಯಲ್ಲಿ ಕನ್ನಡವಾಡುವ ಅಷ್ಟು ಜನರಲ್ಲಿ ಒಬ್ಬರಿಗೂ ಅದನ್ನು ಓದಲು ಬಾರದು. ನನಗೆ ಬರುತ್ತದೆ, ಮೈಸೂರು ಕಡೆಯ ಗಂಡನನ್ನು ಕಟ್ಟಿಕೊಂಡ ಲಾಭ. ಸದ್ಯ, ಪಾತ್ರೆ ಓದಬಾರದೆಂದು ಯಾವ ನಿಯಮವೂ ಇರಲಿಲ್ಲ! ಬೂದಿ ಹಚ್ಚಿ ತಿಕ್ಕಿಸಿ, ಒಂದೊಂದು ಹೆಸರನ್ನೂ ಗಂಟಲು ಬಿಚ್ಚಿ ಕೂಗಿದೆ. ಯಜಮಾನರು ತಬ್ಬಿಕೊಂಡು ನಿಂತಿದ್ದ ಹಂಡೆ ಎದುರುಮನೆಯವರದೆಂದು ಗೊತ್ತಾಯಿತು. ಅವರಪ್ಪ ಕೊಟ್ಟದ್ದು ಮೂಲೆಯಲ್ಲಿದ್ದ ಒಂದು ನಡುಗಾತ್ರದ ಬೋಗುಣಿ. ಜನ ಬಿದ್ದುಬಿದ್ದು ನಕ್ಕರು. ಅವರು ಬೋಗುಣಿಯನ್ನು ಪಂಚೆಯಲ್ಲಿ ಒರೆಸಿ, "ಇದೇ ಎತ್ತಕ್ಕೆ ಸುಲಭ" ಎಂದು ತಾವೂ ನಕ್ಕರು. ವಡೆ ಆರಿತ್ತು. ಯಾರಿಗೂ ಅದರ ಗ್ಯಾನವಿರಲಿಲ್ಲ.

ಜೂನಿನ ಮೊದಲ ಸೋಮವಾರ ಬೆಳಿಗ್ಗೆ ನಾನೂ ಹೋಗಿದ್ದೆ. ಕೋಣೆಗೆ ಸುಣ್ಣ ಬಳಿದಿತ್ತು, ಮಕ್ಕಳು ಕಿರುಚುತ್ತಿದ್ದವು. ಅವಳ ಮಗಳು ಅಮ್ಮನ ಕೈ ಕೊಡವಿ ಒಳಗೆ ಓಡಿದವಳು ತಿರುಗಿಯೂ ನೋಡಲಿಲ್ಲ.

"ಅಕ್ಕಾ, ಅಳ್ಲೇ ಇಲ್ವಲ್ಲಾ ಅವ್ಳು!" ಎಂದು ಇವಳೇ ಅಳಲು ಶುರು ಮಾಡಿದಳು.

"ಹುಚ್ಚೀ, ವ್ಯಾನ್ ಹೋಗುತ್ತೆ, ಓಡು!"

ಓಡಿದಳು. ಕಂಪನಿಯ ವ್ಯಾನಿನೊಳಗಿನ ಹೆಂಗಸರು "ಸೂಪರ್‌ವೈಸರಮ್ಮ ಮೊದಲ ದಿನವೇ ಲೇಟು!" ಎಂದು ಕೂಗಿ ಅವಳನ್ನು ಒಳಗೆಳೆದುಕೊಂಡರು. ನನ್ನ ಕಣ್ಣೂ ತುಂಬಿತ್ತು, ಯಾಕೆ ಸುಳ್ಳು ಹೇಳಲಿ.

ಯಜಮಾನರು ಪೇಪರ್ ಹಿಡಿದುಕೊಂಡು ಕೋಣೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಮಗುವನ್ನು ಹತ್ತಿರಕ್ಕೆ ಕರೆದು ಕೇಳಿದರು.

"ಕಣ್ಣಮ್ಮಾ, ಅಮ್ಮ ಎಲ್ಲೋದ್ಳು?"

"ಕಂಪ್ನಿಗೆ."

"ಕಂಪ್ನೀಲಿ ಏನ್ ಮಾಡ್ತಾಳೆ?"

ಮಗು ಒಂದು ಗಳಿಗೆ ಯೋಚಿಸಿ, ಎದೆಯುಬ್ಬಿಸಿ, ಬೆರಳೆತ್ತಿ ಹೇಳಿತು: "ಎಲ್ಲಾರ್‌ನೂ ಬೈತಾಳೆ!"