ಕೈಯಲ್ಲಿದ್ದ ಕೀಲಿಕೈ

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ಉಪಯೋಗವಿಲ್ಲ ಎಂದು ಭಾಷಣ ಮಾಡಲು ಬೆಳಗಾವಿಯಿಂದ ಪಾರಿಶ್ವಾಡಕ್ಕೆ ಹೊರಟಿದ್ದೆ. ನನಗೂ ಆ ಕಾಯಿಲೆ ಇದೆ. ಭಾಷಣ ಬಾಯಿಪಾಠ ಮಾಡುವ ಗಡಿಬಿಡಿಯಲ್ಲಿ ಬೆಳಗಿನ ಗುಳಿಗೆಯನ್ನೇ ಮರೆತಿದ್ದೆ. ಖಾನಾಪುರ ದಾಟುತ್ತಲೇ ಬಸ್ಸಿನಲ್ಲಿ ಫಿಟ್ಸ್ ಬಂತು.

ಎಚ್ಚರವಾದಾಗ ನನ್ನ ತಲೆ ಬಾಜು ಸೀಟಿನ ಅಜ್ಜಿಯ ತೊಡೆಯ ಮೇಲಿತ್ತು, ಮುಷ್ಟಿಯಲ್ಲಿ ಯಾರದೋ ಬೈಕಿನ ಕೀಲಿಕೈ.

"ನೋಡ ಯವ್ವಾ, ಕೀಲಿ ಹಿಡಿಸಿದ ಕೂಡ್ಲೆ ಎಚ್ಚರಾದಿ," ಎಂದಳು ಅಜ್ಜಿ.

"ಅಲ್ಲರೀ ಆಯಿ, ಅದು ತಾನ ನಿಲ್ತೈತಿ. ಮಗ್ಗಲಾಗಿ ಮಲಗಿಸಿದ್ರ ಸಾಕು," ಎಂದು ತೊದಲಿದೆ.

"ಹಂಗೂ ಮಲಗಿಸೇನಿ. ಆದ್ರ ನೀ ಎದ್ದದ್ದು ಕೀಲಿಗೆ. ಇಡೀ ಬಸ್ ನೋಡೇತಿ."

ಬಸ್ಸೆಲ್ಲ ತಲೆಯಾಡಿಸಿತು. ಅಜ್ಜಿ ಸೆರಗಿನಿಂದ ನನ್ನ ಬಾಯಿ ಒರೆಸಿ, "ಎಲ್ಲಿಗೆ ಹೊಂಟೀ?" ಎಂದು ಕೇಳಿದಳು.

"ಭಾಷಣಕ್ಕರೀ."

ಯಾವ ವಿಷಯ ಎಂದು ಹೇಳುವ ಧೈರ್ಯವಾಗಲಿಲ್ಲ. ಕೀಲಿಕೈಯನ್ನು ಅದರ ಒಡೆಯನಿಗೆ ಮರಳಿಸುತ್ತ, "ಭಾಳ ಉಪಕಾರ ಆತ್ರಿ," ಎಂದುಬಿಟ್ಟೆ.